ಪ್ರೀತಿ ಕಳ್ಕೊಂಡವರು ದೇವರ ಮುಂದ ಅಳೋದು ಹೆಂಗ: ಹೆಜ್ಜೆ ಹೆಜ್ಜೆಯಾಗಿ ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಕಡೆ ಯಾರಾದ್ರೂ ತೀರ್ಕೊಂಡ್ರ ಚರ್ಚಿನ ಮಂದಿ ಎಲ್ಲಾ ಮನಿಗೆ ಬರ್ತಾರ, ಪಾಸ್ಟರ್ ಇಲ್ಲಾ ಫಾದರ್ ಬಂದು ಪ್ರಾರ್ಥನೆ ಮಾಡ್ತಾರ, ಪಕ್ಕದ ಮನಿಯವರು ಅನ್ನ ಸಾರು ಮಾಡಿ ಕಳಸ್ತಾರ, ಕ್ಯಾಥೊಲಿಕ್ ಮನೆತನ ಆದ್ರ ಪ್ರತಿ ವರ್ಷ ನವೆಂಬರ್ 2ಕ್ಕ ಸಮಾಧಿಗೆ ಹೋಗಿ ಹೂವು ಇಟ್ಟು ಮೇಣದಬತ್ತಿ ಹಚ್ಚಿ ಬರ್ತಾರ. ಆದ್ರ ವರ್ಷಗಟ್ಟಲೆ ಪ್ರೀತಿ ಮಾಡಿದವರು ಬಿಟ್ಟು ಹೋದ್ರ, ಇಲ್ಲಾ ಜಾತಿ ನೋಡಿ ಸಭೆ ನೋಡಿ ಮನಿಯವರು ಬ್ಯಾಡ ಅಂದು ಮುರಿದು ಹಾಕಿದ್ರ, ಯಾರೂ ಬರಂಗಿಲ್ಲ. ಅದಕ್ಕ ಒಂದು ಪ್ರಾರ್ಥನಾ ಕೂಟ ಇಲ್ಲ, ಒಂದು ದಿನ ರಜಾ ಇಲ್ಲ. ಮುಂಜಾನೆ ಎದ್ದು ಮುಖ ತೊಳ್ಕೊಂಡು ಬಸ್ ಹತ್ತಿ ತೋರಣಗಲ್ಲಿಗೋ ಗಂಗಾವತಿಗೋ ಕೆಲಸಕ್ಕ ಹೋಗಲೇಬೇಕು. ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ಇಂಥ ದುಃಖ ಒಳಗೊಳಗ ಇಟ್ಕೊಂಡು ಭಾನುವಾರ ಕ್ವಯರ್‌ನಾಗ ನಿಂತು ಹಾಡೋ ಹುಡುಗರು ಹುಡುಗಿಯರು ಭಾಳ ಮಂದಿ ಅದಾರ, ಅವರಿಗಂತನ ಇದನ್ನ ಬರಿಯಾಕತ್ತೀನಿ.

ಒಂದು ಮಾತು ಮೊದಲೇ ಹೇಳ್ತೀನಿ. ವಿಶ್ವಾಸ ಇದ್ರ ದುಃಖ ಬೇಗ ಹೋಗ್ತೈತಿ ಅಂತ ನಾನು ಹೇಳಂಗಿಲ್ಲ, ಯಾಕಂದ್ರ ಬೈಬಲ್ಲೂ ಹಂಗ ಹೇಳಂಗಿಲ್ಲ. ಬೈಬಲ್ ಕೊಡೋದು ಅಳಾಕ ಒಂದು ಜಾಗ, ದೂರಾಕ ಒಂದು ಭಾಷೆ, ಕೇಳಾಕ ಒಬ್ಬ ದೇವರು. ಈ ಮೂರನ್ನ ಬಳಸೋದು ಹೆಂಗ ಅಂತ ಕೆಳಗ ಹೇಳೀನಿ.

1. ಮೊದಲ ವಾರ: ಪ್ರಾರ್ಥನೆಗಿಂತ ಮೊದಲು ಊಟ, ನಿದ್ದೆ

1 ಅರಸುಗಳು 19ನೇ ಅಧ್ಯಾಯ ತೆಗೆದು ಓದ್ರಿ. ಎಲೀಯ ಅಂದ್ರ ದೊಡ್ಡ ಪ್ರವಾದಿ, ಅಂಥವನೇ ಅಡವಿಗೆ ಓಡಿ ಹೋಗಿ ಒಂದು ಗಿಡದ ಬುಡಕ್ಕ ಕುಂತು ಸಾಕಪ್ಪಾ ದೇವರೇ ನನ್ನ ಪ್ರಾಣ ತಗೋ ಅಂತ ಕೇಳ್ಕೋತಾನ. ಅವಾಗ ದೇವದೂತ ಬಂದು ಬುದ್ಧಿ ಹೇಳಂಗಿಲ್ಲ, ನಿನಗ ನಂಬಿಕಿ ಕಡಿಮಿ ಅಂತ ಬೈಯಂಗಿಲ್ಲ. ಎದ್ದು ಊಟ ಮಾಡು ಅಂತಾನ. ಕೆಂಡದ ಮ್ಯಾಲ ಸುಟ್ಟ ರೊಟ್ಟಿ, ಒಂದು ತಂಬಿಗಿ ನೀರು. ಎಲೀಯ ತಿಂದು ಮತ್ತ ಮಲಗ್ತಾನ, ದೂತ ಮತ್ತ ಎಬ್ಬಿಸಿ ಮತ್ತ ಉಣಸ್ತಾನ. ದೇವರು ಅವನ ಜೊತಿ ಮಾತಾಡಿದ್ದು ಇದೆಲ್ಲಾ ಆದ ಮ್ಯಾಲ, ಅದೂ ಅವನು ನಲವತ್ತು ದಿನ ನಡೆದು ಹೋದ ಮ್ಯಾಲ.

ಅದಕ್ಕ ಮೊದಲ ವಾರ ದೊಡ್ಡ ದೊಡ್ಡ ಪ್ರಾರ್ಥನೆಗೆ ಕೈ ಹಾಕಬ್ಯಾಡ್ರಿ, ಉಪವಾಸ ಅಂತೂ ಬ್ಯಾಡೇ ಬ್ಯಾಡ. ಎರಡು ಹೊತ್ತಾದ್ರೂ ಉಣ್ರಿ, ಗಂಟಲಾಗ ಇಳಿಲಿಲ್ಲ ಅಂದ್ರ ಮಜ್ಜಿಗಿ ಅನ್ನ ಕಲಸ್ಕೊಂಡಾದ್ರೂ ಕುಡ್ದು ಬಿಡ್ರಿ. ನಮ್ಮ ಕಡೆ ಬ್ಯಾಸಿಗಿಯಾಗ ಊಟ ನೀರು ಬಿಟ್ಟು ಅಳ್ಕೋತ ಕುಂತ್ರ ಎರಡು ದಿನದಾಗ ಗ್ಲೂಕೋಸ್ ಹಾಕ್ಸೋ ಪರಿಸ್ಥಿತಿ ಬರ್ತೈತಿ. ರಾತ್ರಿ ಫೋನು ಬ್ಯಾರೆ ರೂಮಿನಾಗ ಚಾರ್ಜಿಗೆ ಹಾಕ್ರಿ. ಅಲಾರಂ ಬೇಕಾಗ್ತೈತಿ ಅನ್ನೋರು ನೂರು ರೂಪಾಯಿ ಚಿಲ್ಲರಿಗೆ ಒಂದು ಅಲಾರಂ ಗಡಿಯಾರ ತಗೋರಿ, ಯಾಕಂದ್ರ ರಾತ್ರಿ ಎರಡು ಗಂಟಿಗೆ ಅವರ ಸ್ಟೇಟಸ್ ನೋಡೋದಷ್ಟು ನೋವು ಕೊಡೋದು ಇನ್ನೊಂದಿಲ್ಲ. ಮಲಗೋ ಮುಂದ ಕರ್ತನ ಪ್ರಾರ್ಥನೆ ಒಂದು ಸಲ ಹೇಳಿದ್ರ ಸಾಕು. ನಡುವ ಅಳು ಬಂದು ನಿಂತು ಹೋದ್ರ ನಿಂತಲ್ಲೇ ಬಿಡ್ರಿ. ನಮಗ ಮಾತು ಸಿಗದಾಗ ಪವಿತ್ರಾತ್ಮನೇ ನಮ್ಮ ಸಲುವಾಗಿ ನರಳಾಟದಿಂದ ಬೇಡ್ಕೋತಾನ ಅಂತ ಪೌಲ ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದಾಗ ಬರೆದಾನ.

ಇನ್ನ, ಸಾಯಬೇಕು ಅನ್ನೋ ವಿಚಾರ ಬಂತು ಅಂದ್ರ ಅದನ್ನ ಪ್ರಾರ್ಥನೆಯೊಳಗ ಮುಚ್ಚಿಡಬ್ಯಾಡ್ರಿ, ಮನ್ಯಾಗ ಒಬ್ಬರಿಗೆ ಅವಾಗಿಂದವಾಗ ಹೇಳ್ರಿ, ಒಬ್ಬರೇ ಇರಬ್ಯಾಡ್ರಿ, 14416ಕ್ಕ ಫೋನ್ ಹಚ್ರಿ. ಅದು ಸರ್ಕಾರದ ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲು ರಾತ್ರಿ ನಡೀತೈತಿ, ದುಡ್ಡು ಇಲ್ಲ, ಕನ್ನಡದಾಗ ಮಾತಾಡ್ತಾರ. ಜೀವಕ್ಕ ಅಪಾಯ ಅನಿಸಿದ್ರ 112. ಡಾಕ್ಟರ ಹತ್ರ ಹೋದ್ರ ದೇವರ ಮ್ಯಾಲ ನಂಬಿಕಿ ಇಲ್ಲದಂಗ ಅಂತ ಹೇಳೋರ ಮಾತು ಕಿವಿಗೆ ಹಾಕ್ಕೋಬ್ಯಾಡ್ರಿ. ಊರೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಾಗೂ ಮನಸ್ಸಿನ ಕಾಯಿಲೆಗೆ ಔಷಧ ಸಿಗಬೇಕು ಅಂತ 1980ರ ದಶಕದಾಗ ನಿಮ್ಹಾನ್ಸ್‌ನವರು ಮಾಡಿದ ಪ್ರಯೋಗ ನಡೆದದ್ದು ನಮ್ಮ ಬಳ್ಳಾರಿ ಜಿಲ್ಲೆಯಾಗ. ಅದನ್ನ ಮಾದರಿ ಮಾಡ್ಕೊಂಡ 1996ರಾಗ ದೇಶಕ್ಕೆಲ್ಲ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಇಡೀ ದೇಶಕ್ಕ ದಾರಿ ತೋರಿಸಿದ ನೆಲದಾಗ ಇದ್ಕೊಂಡು ನಾವು ಜಿಲ್ಲಾ ಆಸ್ಪತ್ರಿಗೆ ಹೋಗಾಕ ಯಾಕ ನಾಚಬೇಕು.

2. ಇದು ದುಃಖ ಅಂತ ಒಪ್ಪಿಕೊಳ್ರಿ

ಸತ್ತಿಲ್ಲಲ್ಲ, ಇನ್ನೊಬ್ಬರು ಸಿಗ್ತಾರ ಬಿಡು ಅಂತ ಮಂದಿ ಅಂತಾರ, ಒಂದೊಂದು ಸಲ ನಮಗ ನಾವೇ ಅಂದ್ಕೋತೀವಿ. ಯೋಹಾನ 11ನೇ ಅಧ್ಯಾಯ ನೋಡ್ರಿ. ಸತ್ತು ಹೋದ ಗೆಳೆಯ ಲಾಜರನನ್ನ ಇನ್ನೊಂದು ಗಳಿಗಿಯಾಗ ಎಬ್ಬಿಸ್ತೀನಿ ಅಂತ ಯೇಸುಸ್ವಾಮಿಗೆ ಗೊತ್ತಿತ್ತು, ಆದ್ರೂ ಗವಿ ಹತ್ರ ಹೋಗೋ ಮುಂದ ಕಣ್ಣೀರು ಹಾಕಿದ. ಮುಂದ ಒಳ್ಳೇದಾಗ್ತೈತಿ ಅಂತ ಗೊತ್ತಿದ್ದವನೇ ಅತ್ತ ಮ್ಯಾಲ, ಮುಂದೇನು ಅಂತ ಗೊತ್ತಿಲ್ಲದ ನಾವು ಅತ್ರ ತಪ್ಪೇನೈತಿ.

ಕಳ್ಕೊಂಡದ್ದು ಬರೀ ಒಬ್ಬ ಮನುಷ್ಯನನ್ನಷ್ಟ ಅಲ್ಲ ಅನ್ನೋದು ನೆನಪಿರಲಿ. ಅವರ ಅವ್ವ ನಿಮ್ಮನ್ನ ಮಗಳೇ ಅಂತ ಕರೀತಿದ್ದದ್ದು, ಕ್ರಿಸ್‌ಮಸ್ ರಾತ್ರಿ ಆರಾಧನೆ ಮುಗಿಸ್ಕೊಂಡು ಇಬ್ಬರೂ ಒಟ್ಟಿಗೆ ಚಾ ಕುಡಿಯೋದು, ಮುಂದ ಹುಟ್ಟೋ ಕೂಸಿಗೆ ಅಂತ ಇಟ್ಕೊಂಡ ಹೆಸರು, ಎಲ್ಲಾ ಹೋಗಿರ್ತೈತಿ. ಒಂದೊಂದನ್ನೂ ಹೆಸರು ಹಿಡಿದು ದೇವರಿಗೆ ಹೇಳ್ರಿ. ಕೀರ್ತನೆ 56ರಾಗ ದಾವೀದ ನನ್ನ ಕಣ್ಣೀರನ್ನ ನಿನ್ನ ಬುದ್ದಲಿಯಾಗ ತುಂಬಿಡು ಅಂತಾನ, ಅಂದ್ರ ಒಂದು ಹನಿನೂ ಲೆಕ್ಕ ತಪ್ಪಬಾರದು ಅಂತ ಅವನ ಆಸೆ.

3. ನಿಮ್ಮದೇ ಒಂದು ಪ್ರಲಾಪ ಬರೀರಿ

ಈ ಇಡೀ ಬರಹದಾಗ ಒಂದನ್ನ ಮಾತ್ರ ಮಾಡ್ತೀವಿ ಅನ್ನೋರು ಇದನ್ನ ಮಾಡ್ರಿ.

ಕೀರ್ತನೆ 13 ತೆಗೀರಿ, ಆರೇ ಆರು ವಚನ. ಮೊದಲ ಎರಡು ವಚನದಾಗ ಎಲ್ಲಾ ದೂರು, ಎಷ್ಟರವರೆಗೆ ಎಷ್ಟರವರೆಗೆ ಅಂತ ದಾವೀದ ನಾಕು ಸಲ ಕೇಳ್ತಾನ, ನನ್ನ ಮರತೇ ಬಿಟ್ಟಿಯೇನು ಅಂತ ದೇವರನ್ನೇ ತರಾಟೆಗೆ ತಗೋತಾನ. ಮುಂದಿನ ಎರಡು ವಚನದಾಗ ಬೇಡಿಕೆ. ಕೊನೆಯ ಎರಡು ವಚನದಾಗ ಭರವಸೆ. ಇದೇ ಅಚ್ಚಿನಾಗ ನೀವೂ ಬರೀರಿ: ಮೊದಲು ದೂರು, ಆಮ್ಯಾಲ ಬೇಡಿಕೆ, ಆಮ್ಯಾಲ ನಂಬಿಕಿ ಎಷ್ಟೈತೋ ಅಷ್ಟು.

ಒಂದು ಇನ್ನೂರು ಪುಟದ ನೋಟ್‌ಬುಕ್ ತಗೊಂಡು ಕೈಯಿಂದಾನ ಬರೀರಿ, ಫೋನಿನಾಗ ಬ್ಯಾಡ. ಫೋನಿನಾಗ ಬರೆದದ್ದನ್ನ ಅವರಿಗೇ ಕಳಿಸಿಬಿಡೋ ಚಟ ಹತ್ತತೈತಿ. ಮನ್ಯಾಗ ಹೆಂಗ ಮಾತಾಡ್ತೀರೋ ಹಂಗ ಬರೀರಿ. ಅಜ್ಜಿ ತೆಲುಗಿನಾಗ ಪ್ರಾರ್ಥನೆ ಮಾಡ್ತಾಳ, ಅಪ್ಪ ಕನ್ನಡದಾಗ, ಹಾಡು ಎರಡರಾಗೂ ಅನ್ನೋ ಮನೆತನ ಬಳ್ಳಾರಿ ರಾಯಚೂರಿನಾಗ ಎಷ್ಟೋ ಅದಾವ, ನಿಮಗ ಅಳು ಯಾವ ಭಾಷೆಯಾಗ ಬರ್ತೈತೋ ಅದರಾಗ ಬರೀರಿ. ಮಾದರಿಗೆ ಅಂತ ಒಂದು ಹಿಂಗಿರಬಹುದು:

ಸ್ವಾಮಿ, ಎಷ್ಟು ದಿನ ಅಂತ ನಾನು ರಾತ್ರಿ ಎದ್ದು ಅವನ ಲಾಸ್ಟ್ ಸೀನ್ ನೋಡ್ಲಿ. ಎಷ್ಟು ದಿನ ಅವ್ವನ ಮುಂದ ನಕ್ಕೋತ ರೊಟ್ಟಿ ಬಡೀಲಿ. ನೀನು ನೋಡಾಕತ್ತೀಯಲ್ಲ, ಯಾಕ ಸುಮ್ಮನದಿ. ನಾಳೆ ಡ್ಯೂಟಿಗೆ ಹೋಗೋವಷ್ಟು ಶಕ್ತಿ ಕೊಡು, ಬಸ್ಸಿನಾಗ ಅಳು ಬರದಂಗ ನೋಡ್ಕೋ. ನಿನ್ನ ಮ್ಯಾಲ ನಂಬಿಕಿ ಐತೋ ಇಲ್ಲೋ ನನಗ ತಿಳಿವಲ್ದು, ಆದ್ರೂ ನಿನ್ನ ಹತ್ರಾನ ಹೇಳ್ಕೊಳ್ಳಾಕತ್ತೀನಿ.

ಕೊನೆಯ ಸಾಲು ನೋಡ್ರಿ, ಭಾರಿ ಸಾಕ್ಷಿ ಏನೂ ಇಲ್ಲ ಅದರಾಗ, ಆದ್ರ ಮುಖ ತಿರುಗಿಸ್ಕೊಂಡು ಹೋಗಿಲ್ಲ. ಅಷ್ಟು ಇದ್ರ ಸಾಕು. ಅದೂ ಬರಲಿಲ್ಲ ಅಂದ್ರ ಕೀರ್ತನೆ 88 ಓದ್ರಿ, ಅದು ಕತ್ತಲಾಗ ಶುರುವಾಗಿ ಕತ್ತಲಾಗೇ ಮುಗೀತೈತಿ, ಕೊನಿಗೆ ಒಂದು ಸಮಾಧಾನದ ಮಾತೂ ಇಲ್ಲ. ಅಂಥದ್ದನ್ನೂ ದೇವರ ವಾಕ್ಯ ಅಂತ ಇಟ್ಕೊಂಡೀವಿ ಅಂದ್ರ ನಿಮ್ಮ ಅರ್ಧಕ್ಕ ನಿಂತ ಪ್ರಾರ್ಥನೆನೂ ದೇವರಿಗೆ ಮುಟ್ಟತೈತಿ.

ಬರಿಯಾಕ ಶುರು ಮಾಡೋದು ಹೆಂಗ ಅಂತ ತಿಳಿಲಿಲ್ಲ ಅಂದ್ರ ಪ್ರಲಾಪಗಳು ಪುಸ್ತಕದ ದಾರಿ ಹಿಡೀರಿ. ಅದರಾಗ ಐದು ಅಧ್ಯಾಯ, ಮೊದಲ ನಾಕೂ ಹೀಬ್ರೂ ಅಕ್ಷರಮಾಲೆ ಹಿಡಿದು ಬರೆದ ಪದ್ಯಗಳು, ಅವರ 22 ಅಕ್ಷರಕ್ಕ ಒಂದೊಂದರಂತೆ ವಚನ, 3ನೇ ಅಧ್ಯಾಯದಾಗ ಮಾತ್ರ ಮೂರು ಮೂರು. ಯೆರೂಸಲೇಮ್ ಊರೇ ಸುಟ್ಟು ಹೋದ ದುಃಖಕ್ಕ ಒಂದು ಕಟ್ಟು ಹಾಕ್ಕೊಂಡು ಅತ್ತಾರ ಅವರು. ನೀವು ಅ ಆ ಇ ಈ ಅಂತ ಶುರು ಮಾಡಿ ದಿನಕ್ಕೊಂದು ಅಕ್ಷರ ಬರೀರಿ. ಅ ಅಂದ್ರ ಅವನ ಬೈಕಿನ ಸದ್ದು, ಆ ಅಂದ್ರ ಆಣಿ ಮಾಡಿದ ಮಾತು, ಹಿಂಗ. ದಿನಕ್ಕ ಒಂದೇ ಅಕ್ಷರ, ಬರೆದಾದ ಮ್ಯಾಲ ಪುಸ್ತಕ ಮುಚ್ಚಿ ಎದ್ದು ಹೋಗಿಬಿಡ್ರಿ. ದಿನಾ ಪೂರ್ತಿ ಅಳೋದನ್ನ ಒಂದು ಹೊತ್ತಿಗೆ ತರಾಕ ಇದು ಭಾಳ ಸಹಾಯ ಮಾಡ್ತೈತಿ. ಆ ಪುಸ್ತಕದಾಗ ಇನ್ನೊಂದು ಗಮನಿಸೋ ವಿಷಯ ಐತಿ. ದೇವರ ಕರುಣೆ ಪ್ರತಿ ಮುಂಜಾನೆ ಹೊಸದು ಅನ್ನೋ ಹೆಸರಾದ ವಚನ ಬರೋದು 3ನೇ ಅಧ್ಯಾಯದಾಗ, ಅಂದ್ರ ನಟ್ಟ ನಡುವ. ಅದು ಬಂದ ಮ್ಯಾಲೂ ಇನ್ನೂ ಎರಡು ಅಧ್ಯಾಯ ಅಳ್ತಾರ. ಅದಕ್ಕ ಒಂದಿನ ಆರಾಧನೆಯಾಗ ಮನಸ್ಸು ಹಗುರಾಗಿ ಮರುದಿನ ಮತ್ತ ಅಳು ಬಂದ್ರ ಹಿಂದಕ್ಕ ಬಿದ್ದೆ ಅಂತ ತಿಳ್ಕೋಬ್ಯಾಡ್ರಿ.

ನಮ್ಮ ಭಾಷೆಯಾಗ ಇದನ್ನೆಲ್ಲಾ ಓದಾಕ ಆಗೋದಕ್ಕ ಬಳ್ಳಾರಿದೇ ದೊಡ್ಡ ಪಾಲು ಐತಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಾಗ ಬಳ್ಳಾರಿಗೆ ಬಂದು ಇಲ್ಲಿ ಮಂದಿ ಹತ್ರ ಕನ್ನಡ ಕಲ್ತು ಬೈಬಲ್ ಅನುವಾದಕ್ಕ ಕುಂತ, 1830ರ ದಶಕ ಶುರುವಾಗೋ ಹೊತ್ತಿಗೆ ಪೂರ್ತಿ ಬೈಬಲ್ ಕನ್ನಡದಾಗ ಅಚ್ಚಾತು. ದಾವೀದನ ಅಳು ಮೊದಲು ಕನ್ನಡಕ್ಕ ಇಳಿದದ್ದು ಈ ಬಿಸಿಲಾಗ ಅಂತ ನೆನಸ್ಕೊಂಡ್ರ ನನಗಂತೂ ಎದಿ ತುಂಬಿ ಬರ್ತೈತಿ.

4. ಅವರನ್ನ ವಾಪಸ್ ಕೊಡು ಅಂತ ಕೇಳಬಹುದಾ?

ಕೇಳಬಹುದು. ಗೆತ್ಸೆಮನೆ ತೋಟದಾಗ ಯೇಸುಸ್ವಾಮಿ ಈ ಪಾತ್ರೆ, ಅಂದ್ರ ಮುಂದ ಬರೋ ನೋವು, ನನ್ನಿಂದ ತೊಲಗಿ ಹೋಗಲಿ ಅಂತ ಬೇಡ್ಕೊಂಡ, ಮೂರನೇ ಸಲನೂ ಅದೇ ಮಾತು ಹೇಳಿದ ಅಂತ ಮತ್ತಾಯ 26ರಾಗ ಐತಿ. ಮನಸ್ಸಿನಾಗ ಇದ್ದದ್ದನ್ನ ಮುಚ್ಚಿಟ್ಟು ನಿನ್ನ ಚಿತ್ತ ಆಗಲಿ ಅಂತ ಬಾಯಿಮಾತಿಗೆ ಹೇಳೋದಕ್ಕಿಂತ ಬೇಕು ಅಂತ ಅತ್ತು ಕೇಳೋದೇ ಪ್ರಾಮಾಣಿಕ. ಆದ್ರ ಯೇಸು ಕೇಳಿ ಆದ ಮ್ಯಾಲ ತಂದಿ ಕೈಗೆ ಬಿಟ್ಟ, ನಾವು ಬಿಡಾಕ ತಿಂಗಳುಗಟ್ಟಲೆ ಬೇಕಾಗಬಹುದು, ಬೇಕಾದ್ರ ಆಗಲಿ.

ಮಾಡಬಾರದ್ದು ಏನಂದ್ರ ದೇವರ ಜೊತಿ ವ್ಯಾಪಾರ. ಇಷ್ಟು ದಿನ ಉಪವಾಸ ಇರ್ತೀನಿ ಅವಳನ್ನ ಕೊಡು, ಇಷ್ಟು ಶುಕ್ರವಾರ ಬರ್ತೀನಿ ಅವನ ಮದುವಿ ಮುರೀಲಿ. ಬೈಬಲ್ ಕಣ್ಣು ಮುಚ್ಚಿ ತೆಗೆದು ಬೊಟ್ಟಿಟ್ಟ ವಚನದಾಗ ಅವರು ವಾಪಸ್ ಬರೋ ಸೂಚನೆ ಹುಡುಕೋದೂ ಹಂಗೇ, ಬೊಟ್ಟು ಎಲ್ಲಿ ಬಿದ್ರೂ ನಮಗ ಬೇಕಾದ ಅರ್ಥಾನೇ ಕಾಣಸ್ತೈತಿ. ಇನ್ನೂ ಗಟ್ಟಿಯಾಗಿ ಹೇಳ್ತೀನಿ: ಇಂಥ ತಿಂಗಳು ಅವನು ವಾಪಸ್ ಬರ್ತಾನ ಅಂತ ದೇವರು ನನಗ ತೋರಿಸ್ಯಾನ, ಕಾಣಿಕೆ ಹಾಕು ಅನ್ನೋರು ಯಾರೇ ಇರಲಿ ಅವರಿಂದ ದೂರ ಇರ್ರಿ. ಮುರಿದ ಮನಸ್ಸಿನವರ ಹತ್ರ ದುಡ್ಡು ಕೇಳೋದು ಸೇವೆ ಅಲ್ಲ.

5. ಭಾನುವಾರ, ಅದೂ ಅವರು ಅದೇ ಚರ್ಚಿಗೆ ಬರ್ತಿದ್ರ

ಬಳ್ಳಾರಿ ಕೌಲ್‌ಬಜಾರ್ ಆಗಲಿ ರಾಯಚೂರಿನ ಮೆಥೋಡಿಸ್ಟ್ ಸಭೆ ಆಗಲಿ, ನಮ್ಮವು ಎಲ್ಲರಿಗೂ ಎಲ್ಲರೂ ಗೊತ್ತಿರೋ ಸಭೆಗಳು. ಎರಡು ಬೆಂಚು ಮುಂದ ಅವರ ತಲಿ ಕಾಣ್ತಿರ್ತೈತಿ, ಪ್ರಸಂಗ ಕಿವಿಗೇ ಬೀಳಂಗಿಲ್ಲ. ಎಲ್ಲಕ್ಕಿಂತ ಕಷ್ಟದ್ದು ಮದುವಿ ಪ್ರಕಟಣೆ. ಆರಾಧನೆ ಮುಗಿಯೋ ಮುಂದ ಇಂಥವರ ಮಗ ಇಂಥವರ ಮಗಳು, ಆಕ್ಷೇಪಣೆ ಇದ್ದವರು ತಿಳಿಸಬಹುದು ಅಂತ ಓದ್ತಾರ, ಸಾಮಾನ್ಯವಾಗಿ ಮೂರು ಭಾನುವಾರ. ಅವರ ಹೆಸರಿನ ಪಕ್ಕ ಬ್ಯಾರೆಯವರ ಹೆಸರು ಮೈಕಿನಾಗ ಕೇಳೋದು, ಕೇಳ್ಕೋತ ತಲಿ ಬಗ್ಗಿಸದಂಗ ಕುಂದ್ರೋದು, ಸುತ್ತಮುತ್ತ ನಾಕು ಮಂದಿ ತಿರುಗಿ ನಿಮ್ಮ ಮುಖ ನೋಡೋದು.

ಆ ಮೂರು ವಾರ ಬ್ಯಾರೆ ಹೊತ್ತಿನ ಆರಾಧನೆಗೆ ಹೋಗ್ರಿ, ಕನ್ನಡದ್ದಕ್ಕ ಹೋಗ್ತಿದ್ರ ತೆಲುಗಿನದ್ದಕ್ಕ ಇಲ್ಲಾ ಇಂಗ್ಲಿಷಿನದ್ದಕ್ಕ, ಇಲ್ಲಾ ಇನ್ನೊಂದು ಊರಿನ ಚರ್ಚಿಗೆ. ಇದು ಓಡಿ ಹೋದಂಗ ಅಲ್ಲ. ಹೋಗಲೇಬೇಕಾದ ಪರಿಸ್ಥಿತಿ ಇದ್ರ, ಕ್ವಯರ್‌ನಾಗ ಇದ್ರ, ಒಬ್ಬ ಗೆಳತಿನೋ ಅಣ್ಣನೋ ಪಕ್ಕದಾಗ ಕುಂದ್ರೋ ಹಂಗ ಮೊದಲೇ ಹೇಳಿಟ್ಕೋರಿ, ಬಾಗಿಲ ಹತ್ರದ ಬೆಂಚು ಹಿಡೀರಿ, ಎದ್ದು ಹೋಗಬೇಕು ಅನಿಸಿದ್ರ ಎದ್ದು ಹೋಗ್ರಿ. ಹಾಡಾಕ ಆಗದಿದ್ರ ಸುಮ್ಮನೆ ನಿಲ್ರಿ, ಉಳಿದವರು ನಿಮ್ಮ ಸಲುವಾಗಿ ಹಾಡ್ತಾರ, ಸಭೆ ಅನ್ನೋದು ಇರೋದೇ ಅದಕ್ಕ.

ಕ್ಯಾಥೊಲಿಕರಿಗೆ ಇನ್ನೊಂದಿಷ್ಟು ದಾರಿ ಅದಾವ. ಮಂಗಳವಾರ ಶುಕ್ರವಾರದ ಜಪಸರದಾಗ ದುಃಖದ ರಹಸ್ಯಗಳು ಬರ್ತಾವ, ಮಾತು ಸಿಗದಾಗ ಬೆರಳಿಗೆ ಒಂದು ಕೆಲಸ ಸಿಗ್ತೈತಿ. ಶಿಲುಬೆ ಹಾದಿಯ 14 ಸ್ಥಳದಾಗ ನಾಕನೇದಕ್ಕ ನಿಲ್ರಿ, ಯೇಸು ತಾಯಿಯನ್ನ ಎದುರುಗೊಳ್ಳೋದು. ಅಲ್ಲಿ ಮರಿಯಮ್ಮನಿಗೆ ಮಗನನ್ನ ಬಿಡಿಸಾಕ ಆಗಲಿಲ್ಲ, ಆದ್ರ ಬಿಟ್ಟು ಹೋಗಲಿಲ್ಲ. ಸೆಪ್ಟೆಂಬರ್ 15ಕ್ಕ ವ್ಯಾಕುಲ ಮಾತೆ ಹಬ್ಬ ಅಂತ ಇಟ್ಟಿರೋದು ಆ ನೋವಿಗೇ.

6. ಯಾರಿಗೆ ಹೇಳೋದು

ಒಬ್ಬರಿಗೆ, ಹೆಚ್ಚಂದ್ರ ಇಬ್ಬರಿಗೆ. ಪ್ರಾರ್ಥನಾ ಕೂಟದಾಗ ಎಲ್ಲರ ಮುಂದ ಪ್ರಾರ್ಥನೆ ವಿಷಯ ಅಂತ ಹೇಳಬ್ಯಾಡ್ರಿ, ನಮ್ಮ ಊರಿನಾಗ ಸಂಜಿ ಹೊತ್ತಿಗೆ ಅದು ಸುದ್ದಿ ಆಗಿರ್ತೈತಿ. ಫಾದರ್ ಹತ್ರ ಪಾಪನಿವೇದನೆಯಾಗ ಹೇಳಿದ್ದನ್ನ ಅವರು ಯಾವ ಕಾರಣಕ್ಕೂ ಹೊರಗ ಬಿಡಂಗಿಲ್ಲ, ಬಿಡೋ ಹಂಗೂ ಇಲ್ಲ. ಪಾಸ್ಟರ್ ಹತ್ರ ಹೇಳೋ ಮುಂದ ಇದು ನಮ್ಮಿಬ್ಬರಾಗೇ ಇರಲಿ ಅಯ್ಯನವರೇ, ಅಪ್ಪಗೂ ಹೇಳಬ್ಯಾಡ್ರಿ ಅಂತ ಬಾಯಿ ಬಿಟ್ಟು ಕೇಳ್ಕೋರಿ.

ಎಲ್ಲಾ ದೇವರ ಚಿತ್ತ, ನಿನಗ ಇದಕ್ಕಿಂತ ಒಳ್ಳೇದು ಇಟ್ಟಾನ ಅನ್ನೋರು ಸಿಕ್ಕೇ ಸಿಗ್ತಾರ. ಬ್ಯಾಸರ ಮಾಡ್ಕೋಬ್ಯಾಡ್ರಿ, ಆದ್ರ ಸುಮ್ಮನೆ ಕೇಳ್ಕೊಂಡೂ ಇರಬ್ಯಾಡ್ರಿ. ಬೈಬಲ್ಲಿನಾಗ ಎಲ್ಲಾ ಕಳ್ಕೊಂಡ ಯೋಬನ ಗೆಳೆಯರು ಮಾಡಿದ ಒಂದೇ ಒಳ್ಳೆ ಕೆಲಸ ಅಂದ್ರ ಮೊದಲ ಏಳು ದಿನ ಏಳು ರಾತ್ರಿ ಮಾತಾಡದಂಗ ಅವನ ಜೊತಿ ನೆಲದ ಮ್ಯಾಲ ಕುಂತದ್ದು, ಬಾಯಿ ತೆರೆದ ಮ್ಯಾಲ ಎಲ್ಲಾ ಕೆಡಿಸಿದ್ರು. ಅಂಥವರಿಗೆ ಹಿಂಗ ಹೇಳಬಹುದು: ಅಕ್ಕಾ, ಈಗ ನನಗ ಅರ್ಥ ಬ್ಯಾಡ, ಒಂದು ತಾಸು ಹತ್ರ ಕುಂದ್ರು ಸಾಕು.

7. ಅವರು ಕೊಟ್ಟ ವಸ್ತು

ಫೋಟೋ, ಚಾಟ್ ಎಲ್ಲಾ ಒಂದೇ ರಾತ್ರಿ ಅಳಿಸೋ ಅವಸರ ಬ್ಯಾಡ. ಒಂದು ಪೆನ್‌ಡ್ರೈವಿಗೆ ಹಾಕಿ ನಂಬಿಕಸ್ಥರ ಕೈಯಾಗ ಕೊಟ್ಟು ಫೋನಿನಿಂದ ತೆಗೀರಿ, ನಂಬರ್ ಬ್ಲಾಕ್ ಮಾಡ್ರಿ. ಬಟ್ಟಿ, ವಾಚು ಬ್ಯಾರೆ ಯಾರಿಗಾದ್ರೂ ಉಪಯೋಗ ಆಗಲಿ. ಕಷ್ಟ ಆಗೋದು ಬೈಬಲ್. ಭಾಳ ಜೋಡಿಗಳು ಹುಟ್ಟುಹಬ್ಬಕ್ಕ ಒಬ್ಬರಿಗೊಬ್ಬರು ಬೈಬಲ್ ಕೊಟ್ಟಿರ್ತಾರ, ಮೊದಲ ಪುಟದಾಗ ನೀಲಿ ಪೆನ್ನಿನಾಗ ಹೆಸರು, ತಾರೀಖು, ಒಂದು ವಚನ. ಆ ಪುಟ ಹರೀಬ್ಯಾಡ್ರಿ. ಅದನ್ನ ಬಟ್ಟಿಯಾಗ ಸುತ್ತಿ ಟ್ರಂಕಿನಾಗ ಇಟ್ಟು ನಿಮಗಂತ ಒಂದು ಹೊಸಾದು ತಗೋರಿ, ಗುರುತು ಹಾಕದ ಪುಟಗಳಾಗ ನಿಮ್ಮ ಸಾಲುಗಳನ್ನ ನೀವೇ ಮೊದಲಿಂದ ಗುರುತು ಹಾಕ್ಕೋರಿ.

8. ಸಿಟ್ಟು, ಕ್ಷಮೆ

ಸಿಟ್ಟು ಬರ್ತೈತಿ, ಅವರ ಮ್ಯಾಲ, ಮನಿಯವರ ಮ್ಯಾಲ, ದೇವರ ಮ್ಯಾಲ. ಅದನ್ನೂ ಆ ನೋಟ್‌ಬುಕ್ಕಿನಾಗ ಬರೀರಿ, ಕೀರ್ತನೆಗಳ ತುಂಬ ಸಿಟ್ಟು ಐತಿ. ಕ್ಷಮಿಸು ಕ್ಷಮಿಸು ಅಂತ ಮೊದಲ ತಿಂಗಳೇ ಒತ್ತಾಯ ಮಾಡೋರಿಗೆ ಹೇಳ್ರಿ, ಮಾಡ್ತೀನಿ, ದೇವರು ನಡೆಸಿದಂಗ ಮಾಡ್ತೀನಿ ಅಂತ. ಕ್ಷಮೆ ಅಂದ್ರ ಸೇಡು ತೀರಿಸೋ ಕೆಲಸ ದೇವರಿಗೆ ಬಿಡೋದು. ಅವರ ಜೊತಿ ಮತ್ತ ಮಾತಾಡಬೇಕು, ಫ್ರೆಂಡ್ಸ್ ಆಗಿರಬೇಕು ಅಂತ ಅದರ ಅರ್ಥ ಅಲ್ಲ. ಫೋಟೋ ಇಟ್ಕೊಂಡು ಹೆದರಿಸ್ತಿದ್ರ, ಕೈ ಮಾಡಿದ್ರ, ದಾರಿಯಾಗ ಅಡ್ಡ ಹಾಕ್ತಿದ್ರ ಪೊಲೀಸ್ ಸ್ಟೇಷನ್ನಿಗೆ ಹೋಗ್ರಿ, ಹೆಣ್ಣುಮಕ್ಕಳಿಗೆ 181 ಸಹಾಯವಾಣಿ ಐತಿ. ಕಂಪ್ಲೇಂಟ್ ಕೊಟ್ಟವರು ಕ್ಷಮಿಸಲಿಲ್ಲ ಅಂತ ಯಾವ ಬೈಬಲ್ಲೂ ಹೇಳಂಗಿಲ್ಲ.

9. ಮರುಕಳಿಸೋ ದಿನಗಳು, ಮತ್ತ ಮನಿಯವರ ಅವಸರ

ಅವರ ಮದುವಿ ದಿನ, ಕ್ರಿಸ್‌ಮಸ್, ನಿಮ್ಮಿಬ್ಬರ ಮೊದಲ ಭೇಟಿಯ ತಾರೀಖು, ಇವೆಲ್ಲಾ ಮೊದಲೇ ಗೊತ್ತಿರ್ತಾವ, ಅದಕ್ಕ ಮೊದಲೇ ತಯಾರಿ ಮಾಡ್ಕೋರಿ. ಮದುವಿ ದಿನ ಊರಾಗ ಇರಬ್ಯಾಡ್ರಿ, ಅತ್ತಿ ಊರಿಗೋ ಚಿಕ್ಕಮ್ಮನ ಊರಿಗೋ ಹೋಗ್ರಿ. ಶುಭ ಶುಕ್ರವಾರಕ್ಕೂ ಈಸ್ಟರಿಗೂ ನಡುವ ಒಂದು ಶನಿವಾರ ಬರ್ತೈತಿ ನೋಡ್ರಿ, ಅವತ್ತು ಶಿಷ್ಯರಿಗೆ ಏನೂ ಗೊತ್ತಿರಲಿಲ್ಲ, ಯೇಸು ಸಮಾಧಿಯಾಗ ಇದ್ದ. ಈ ವರ್ಷದ ನಿಮ್ಮ ದಿನಗಳು ಭಾಳಷ್ಟು ಆ ಶನಿವಾರದಂಥವೇ ಇರ್ತಾವ. ಶಿಷ್ಯರು ದೊಡ್ಡ ವಿಶ್ವಾಸ ತೋರಿಸಲಿಲ್ಲ, ಮರುದಿನ ಸಂಜಿಗೂ ಹೆದರಿ ಬಾಗಿಲು ಹಾಕ್ಕೊಂಡು ಒಟ್ಟಿಗೆ ಇದ್ರು ಅಷ್ಟ ಅಂತ ಯೋಹಾನ 20ರಾಗ ಐತಿ. ನೀವೂ ಒಬ್ಬರೇ ಇರದಂಗ ನೋಡ್ಕೋರಿ.

ಇನ್ನ ಮನ್ಯಾಗ, ಬೇಗ ಒಂದು ಮದುವಿ ಮಾಡಿಬಿಟ್ರ ಎಲ್ಲಾ ಸರಿ ಹೋಗ್ತೈತಿ ಅಂತ ಸಂಬಂಧ ನೋಡಾಕ ಶುರು ಮಾಡ್ತಾರ. ಅವರದು ಪ್ರೀತಿನೇ, ಆದ್ರ ಅಳ್ತಿರೋ ಒಬ್ಬರನ್ನ ಹಸೆಮಣಿಗೆ ಕುಂದರಿಸಿದ್ರ ಬಂದವರಿಗೂ ಅನ್ಯಾಯ ಆಗ್ತೈತಿ. ಜಗಳ ಮಾಡದಂಗ, ರಾತ್ರಿ ಕುಟುಂಬ ಪ್ರಾರ್ಥನೆ ಮುಗಿದ ಮ್ಯಾಲ ಎಲ್ಲರೂ ಚಾಪಿ ಮ್ಯಾಲ ಇನ್ನೂ ಕುಂತಿರೋ ಹೊತ್ತಿನಾಗ ಹೇಳ್ರಿ: ಅಪ್ಪಾ, ನಾನು ಮದುವಿನೇ ಬ್ಯಾಡ ಅನ್ನಂಗಿಲ್ಲ, ಮುಂದಿನ ಈಸ್ಟರ್ ತನಕ ಈ ಮಾತು ತೆಗೀಬ್ಯಾಡ, ಅಲ್ಲಿ ತನಕ ನನ್ನ ಸಲುವಾಗಿ ಪ್ರಾರ್ಥನೆ ಮಾತ್ರ ಮಾಡು. ಒಂದು ಗಡುವು ಇದ್ರ ತಂದಿತಾಯಿಗೂ ಸಮಾಧಾನ ಇರ್ತೈತಿ. ಅಪ್ಪನ ಮುಂದ ಬಾಯಿ ಬರಲಿಲ್ಲ ಅಂದ್ರ ಅವ್ವನ ಕೈಲಿ ಹೇಳಸ್ರಿ, ಅವ್ವನೂ ಒಪ್ಪಲಿಲ್ಲ ಅಂದ್ರ ಸೋದರತ್ತಿನೋ ಪಾಸ್ಟರಮ್ಮನೋ ಮನಿಗೆ ಬಂದು ಮಾತಾಡೋ ಹಂಗ ಕೇಳ್ಕೋರಿ.